ಹೆಡ್‌ಫೋನ್ ಆಂಪ್‌ನಲ್ಲಿ ಹಿಸ್: ಐಸಿ ಬದಲಿಸಿದರೂ ಹೋಗ್ತಿಲ್ಲ

ಪ್ರಶ್ನೆ:
ಎನ್‌ಇ5532 ಆಪ್-ಆಂಪ್ ಐಸಿ (ಸಿಗ್ನಲ್ ಹಿಗ್ಗಿಸುವ ಚಿಪ್) ಹಾಕಿ ಹೆಡ್‌ಫೋನ್ ಆಂಪ್ ಮಾಡಿದ್ದೇನೆ. ಎರಡು 9 ವೋಲ್ಟ್ ಬ್ಯಾಟರಿ, ವಾಲ್ಯೂಮ್ ನಾಬ್‌ಗೆ 100ಕೆ (ಕಿಲೋಓಮ್) ಲಾಗ್ ಪಾಟ್, ಪಾಟ್‌ಗೆ ಮುಂಚೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್. ಫೀಡ್‌ಬ್ಯಾಕ್‌ನಲ್ಲಿ 10ಕೆ ಮತ್ತು 1ಕೆ ರೆಸಿಸ್ಟರ್, ಅಂದರೆ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಅನ್ನೋದು) 11. ಹಾಡು ನಿಂತ ಕೂಡಲೇ ಇಯರ್‌ಫೋನ್‌ನಲ್ಲಿ 'ಸ್ಸ್‌ಸ್' ಅಂತ ಸದ್ದು. ನಾಬ್ ತಿರುಗಿಸಿದರೆ ಕರಕರ ಬೇರೆ. ಅದರ ಬದಲು ಟಿಎಲ್072 ಐಸಿ ಹಾಕಿ ನೋಡಿದೆ. ಕರಕರ ನಿಂತಿತು, ಹಿಸ್ ಮಾತ್ರ ಹಾಗೇ ಇದೆ. ಮತ್ತೆ 5532 ಹಾಕಿದ್ದೇನೆ. ಇನ್ನೂ ದುಬಾರಿ ಐಸಿ ತಗೋಬೇಕಾ?

ಉತ್ತರ:
ಈಗಲೇ ಬೇಡ ಸರ್. ಓಡ್ತಿರೋದು ಬ್ಯಾಟರಿಯಲ್ಲಿ, ಗುಂಯ್ ಅನ್ನೋ ಸದ್ದೂ ಇಲ್ಲ. ಹಾಗಾಗಿ ಗ್ರೌಂಡ್ ಲೂಪ್ (ಗ್ರೌಂಡ್ ತಂತಿಗಳು ಸುತ್ತು ಹಾಕಿ ಗುಂಯ್ ಎನ್ನಿಸೋದು) ಕಡೆ ಹೋಗೋದು ಬೇಡ. ಹಾಡು ಬರೋ ಫೋನ್ ಕಿತ್ತಿಟ್ಟು, ಇನ್‌ಪುಟ್‌ನ ಎರಡೂ ಸಿಗ್ನಲ್ ತಂತಿಗಳನ್ನು ಗ್ರೌಂಡ್‌ಗೆ ಶಾರ್ಟ್ ಮಾಡಿ. ನಾಬನ್ನು ಸೊನ್ನೆಯಿಂದ ಕೊನೆಯವರೆಗೆ ನಿಧಾನವಾಗಿ ತಿರುಗಿಸುತ್ತಾ ಕೇಳಿ. ಹಿಸ್ ಎಲ್ಲಿ ಜಾಸ್ತಿ? ಹಾಗೇ ಇಯರ್‌ಫೋನ್ ತೆಗೆದು, ನಾಬ್ ಪೂರ್ತಿ ಏರಿಸಿ, ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ ಎಷ್ಟಿದೆ ಅಳೆಯಿರಿ.

ಪ್ರಶ್ನೆ ಕೇಳಿದವರು:
ವಿಚಿತ್ರ! ಸೊನ್ನೆಯಲ್ಲಿ ಸದ್ದೇ ಇಲ್ಲ, ಮುಕ್ಕಾಲು ತಿರುಗಿಸಿದಾಗ ಜೋರು, ಕೊನೆಯಲ್ಲಿ ಮತ್ತೆ ಕಮ್ಮಿ. ಡಿಸಿ 0.2 ವೋಲ್ಟ್ ಇದೆ.

ಉತ್ತರ:
ಸಿಕ್ಕಿತು. ಹಿಸ್ ಹುಟ್ಟುತ್ತಿರೋದು ಪಾಟ್‌ನಲ್ಲೇ. ಎರಡು ತುದಿಯಲ್ಲೂ, ಹಿಸ್‌ನ ಮಟ್ಟಿಗೆ, ಐಸಿಗೆ ಕಾಣುವ ರೆಸಿಸ್ಟೆನ್ಸ್ ಹತ್ತಿರ ಹತ್ತಿರ ಸೊನ್ನೆ. ಸರಿ ಅರ್ಧಕ್ಕೆ ಬಂದಾಗ 50ಕೆ ಮತ್ತು 50ಕೆ ಪ್ಯಾರಲಲ್, ಅಂದರೆ 25ಕೆ. ಲಾಗ್ ಪಾಟ್ ಆದ್ದರಿಂದ ಆ 'ಅರ್ಧ' ನಾಬ್‌ನಲ್ಲಿ ಮುಕ್ಕಾಲಿನ ಹತ್ತಿರ ಬರುತ್ತದೆ. 25ಕೆ ರೆಸಿಸ್ಟರ್ ಸುಮ್ನೆ ಕೂತಿದ್ದರೂ ಪ್ರತಿ ರೂಟ್ ಹರ್ಟ್ಜ್‌ಗೆ (ಇಂಥ ಸದ್ದನ್ನು ಅಳೆಯೋ ಮಾನ ಇದು) 20 ನ್ಯಾನೋವೋಲ್ಟ್ ಸದ್ದು ಮಾಡುತ್ತದೆ. 5532ರ ಸ್ವಂತ ಸದ್ದು ಬರೀ 5. ಆದರೆ ಅದರ ಕರೆಂಟ್ ನಾಯ್ಸ್ (ಇನ್‌ಪುಟ್ ಕರೆಂಟಿನ ಸಣ್ಣ ಏರಿಳಿತ) 0.7 ಪೈಕೋಆಂಪ್. ಅದು 25ಕೆಯಲ್ಲಿ ಇನ್ನೊಂದು 17 ಸೇರಿಸುತ್ತದೆ. ಟಿಎಲ್072ಕ್ಕೆ ಈ ಕಾಟ ಇಲ್ಲ, ಆದರೆ ಅದರ ಸ್ವಂತ ಸದ್ದೇ 18. ಅದಕ್ಕೇ ನಿಮಗೆ ಎರಡೂ ಒಂದೇ ಥರ ಕೇಳಿಸಿದ್ದು.

ಕರಕರಕ್ಕೂ ಆ 0.2 ವೋಲ್ಟ್‌ಗೂ ಕಾರಣ 5532ರ ಬಯಾಸ್ ಕರೆಂಟ್, ಅಂದರೆ ಅದರ ಇನ್‌ಪುಟ್‌ನಲ್ಲಿ ಸದಾ ಹರಿಯುವ ಚಿಕ್ಕ ಡಿಸಿ ಕರೆಂಟ್. ನಾಬ್ ಪೂರ್ತಿ ಏರಿಸಿದಾಗ ಡಿಸಿಗೆ ಪಾಟ್‌ನ ಇಡೀ 100ಕೆಯೇ ದಾರಿ. ಸುಮಾರು 200 ನ್ಯಾನೋಆಂಪ್, 100ಕೆ ಮೂಲಕ ಹರಿದರೆ 20 ಮಿಲಿವೋಲ್ಟ್, ಗೇನ್ 11 ಸೇರಿ 0.2. ಇಷ್ಟು ಡಿಸಿ ಇಯರ್‌ಫೋನ್‌ಗೆ ಒಳ್ಳೆಯದಲ್ಲ, ಸದ್ಯಕ್ಕೆ ಹಾಕಬೇಡಿ.

10ಕೆ ಪಾಟ್ ಹಾಕಿ, ಫೀಡ್‌ಬ್ಯಾಕ್‌ನ 10ಕೆ ತೆಗೆದು 2.2ಕೆ ಹಾಕಿ. ಗೇನ್ 3.2 ಆಗುತ್ತದೆ. ಇಯರ್‌ಫೋನ್‌ಗೆ 11 ಗೇನ್ ಯಾಕೆ ಹೇಳಿ?

ಪ್ರಶ್ನೆ ಕೇಳಿದವರು:
ಎರಡೂ ಬದಲಿಸಿದೆ. ಅವಸರದಲ್ಲಿ ಮೊದಲು ಎಡಗಡೆ ರೆಸಿಸ್ಟರ್ ಮಾತ್ರ ಬದಲಿಸಿ, ಬಲಗಡೆ ಯಾಕೆ ಇಷ್ಟು ಜೋರು ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡೆ! ಈಗ ಹಿಸ್ ಇಲ್ಲ, ಕರಕರ ಇಲ್ಲ, ಡಿಸಿ 6 ಮಿಲಿವೋಲ್ಟ್. ಆದರೆ ಬೇಸ್ ಮಾಯ! ತಬಲಾದ ಬಾಯಾ ಡಬ್ಬಿ ಬಡಿದ ಹಾಗೆ ಕೇಳ್ತಿದೆ.

ಉತ್ತರ:
ಅಯ್ಯೋ, ತಪ್ಪು ನನ್ನದು, ಆ ಕೆಪ್ಯಾಸಿಟರ್ ಮರೆತೇಬಿಟ್ಟೆ. 100ಕೆ ಜೊತೆ 0.1 ಮೈಕ್ರೋಫ್ಯಾರಡ್ 16 ಹರ್ಟ್ಜ್‌ನಿಂದ ಮೇಲೆ ಬಿಡುತ್ತಿತ್ತು. 10ಕೆ ಜೊತೆ 160ರ ಕೆಳಗಿನದೆಲ್ಲ ಸೋರಿಹೋಗ್ತಿದೆ. 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪ್ಯಾಸಿಟರ್ ಹಾಕಿ. ಎರಡೂ ಚಾನೆಲ್‌ಗೆ!

ಪ್ರಶ್ನೆ ಕೇಳಿದವರು:
ಹಾಕಿದೆ, ಎರಡಕ್ಕೂ. ಬಾಯಾ ವಾಪಸ್ ಬಂತು.