ಐದು ವರ್ಷದ ಮಗಳ ಜೊತೆ ನೇತ್ರಾಣಿಗೆ ಹೋಗಬಹುದಾ?

ನಾವು ಕಲಬುರಗಿಯವರು. ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಹೋಗಿ ಅಲ್ಲಿನ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡಬೇಕು ಅಂತ ನನಗೂ ನಮ್ಮ ಯಜಮಾನರಿಗೂ ತುಂಬಾ ಆಸೆ. ಮಗಳಿಗೆ ಐದು ವರ್ಷ. ನಮ್ಮೂರ ಅಪ್ಪನ ಕೆರೆ ಬಿಟ್ಟರೆ ದೊಡ್ಡ ನೀರನ್ನೇ ನೋಡಿಲ್ಲ. ದೋಣಿಯಲ್ಲಿ ಕರೆದುಕೊಂಡು ಹೋಗಲಾ?

ಉತ್ತರ 1: ಬೇಡ ಅಕ್ಕಾ. ಡೈವಿಂಗ್ ಅಂತೂ ಅವಳಿಗಲ್ಲ, ಡೈವಿಂಗ್ ಕಲಿಸುವ ಪಾಡಿ (PADI) ಸಂಸ್ಥೆಯ ಓಪನ್ ವಾಟರ್ ಕೋರ್ಸಿಗೇ ಕನಿಷ್ಠ 10 ವರ್ಷ. ದೋಣಿಯೂ ಕಷ್ಟ. ದ್ವೀಪ ದಡದಿಂದ ಸುಮಾರು 19 ಕಿ.ಮೀ. ದೂರ. ನಮ್ಮ ಆರು ವರ್ಷದ ಮಗ ಹೋಗುವಾಗ ನಗ್ತಾ ಇದ್ದ. ಲಂಗರು ಹಾಕಿ ದೋಣಿ ತೂಗಾಡತೊಡಗಿದ್ದೇ ತಡ, ತಿಂದ ಇಡ್ಲಿಯೆಲ್ಲ ನನ್ನ ಮಡಿಲಿಗೆ ಬಂತು. ಅವನ ಕೈಗಳು ತಣ್ಣಗಾಗಿದ್ದವು. ನಾನು ನೀರಿಗಿಳಿಯಲಿಲ್ಲ.

ಉತ್ತರ 2: ನಾವು ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆವು. ಮಗು ಅವರ ಜೊತೆ ದಡದಲ್ಲೇ ಮರಳಾಟ ಆಡಿತು. ಶೀತ ಇದ್ದರೆ ಮಾತ್ರ ನೀವೂ ಇಳಿಯಬೇಡಿ, ಕಿವಿ ತುಂಬಾ ನೋಯುತ್ತದೆ.

ಪ್ರಶ್ನೆ ಕೇಳಿದವರು: ಹಾಗಾದರೆ ನಮ್ಮ ಅವ್ವನನ್ನೂ ಹೊರಡಿಸುತ್ತೇನೆ.