ಹದಿಮೂರು ಸಾವಿರ ಅಡಿ ಬೋರ್‌ವೆಲ್

ಮಲ್ಲೇಶ್ವರದ ದರ್ಶಿನಿ. ಎರಡು ಕಾಫಿಯನ್ನು ಮೂರು ಮಾಡಿಕೊಂಡು ನಿಂತಿದ್ದೆವು. ನಾಣಿಯ ಮುಖದಲ್ಲಿ ಹಬ್ಬ.

"ನನ್ನ ತಂಗಿ ಮಗ ಹಡಗಿನಿಂದ ಬಂದ."

"ದುಬೈಗೆ ಹೋಗಿದ್ದನಾ?" ಎಂದ ಸೀನ.

"ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅದೇ ನಮ್ಮ ಐಐಎಸ್‌ಸಿಯಲ್ಲಿ, ಓದುತ್ತಾನಲ್ಲ, ಅವನು ಕಣೋ. ಸಾಗರ ನಿಧಿ ಅಂತ ಸಂಶೋಧನೆಯ ಹಡಗು. ಇಟಲಿಯಲ್ಲಿ ಕಟ್ಟಿಸಿದ್ದು, 104 ಮೀಟರ್ ಉದ್ದ. ಬಂಗಾಳ ಕೊಲ್ಲಿಯಲ್ಲಿ ಒಂದು ತಿಂಗಳು ಇದ್ದ."

"ಅಷ್ಟು ದಿನ ಏನು ಮಾಡಿದ?"

"ಬಾಟಲಿ ಇಳಿಸಿದ."

ಸೀನನ ಕಣ್ಣು ಅರಳಿತು. "ಎಷ್ಟು?"

"ಒಂದು ಸಲಕ್ಕೆ ಹನ್ನೆರಡು."

"ಭಲೇ! ಮನೆತನಕ್ಕೆ ಒಬ್ಬನಾದರೂ ಇರಬೇಕು."

ನಾಣಿ ಹಣೆ ಚಚ್ಚಿಕೊಂಡ. ಅದು ನೀರಿನ ಬಾಟಲಿಯಂತೆ. ಒಂದು ಚೌಕಟ್ಟಿನ ಸುತ್ತ ಬಾಟಲಿಗಳನ್ನು ಎರಡೂ ಬಾಯಿ ತೆರೆದು ನಿಲ್ಲಿಸುತ್ತಾರೆ. ಜೊತೆಗೆ ಉಪ್ಪು, ಬಿಸಿ, ಆಳ ಅಳೆಯುವ ಸಿಟಿಡಿ ಯಂತ್ರ. ಎಲ್ಲವನ್ನೂ ತಂತಿಯಲ್ಲಿ ಕೆಳಗೆ ಬಿಡುತ್ತಾರೆ. ಬೇಕಾದ ಆಳದಲ್ಲಿ ಮೇಲಿನಿಂದ ಗುಂಡಿ ಒತ್ತಿದರೆ ಒಂದು ಬಾಟಲಿ ಬಾಯಿ ಮುಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ಸುಮಾರು ಒಂದು ಮೀಟರ್ ಇಳಿತ. 4,000 ಮೀಟರ್ ಇಳಿದು ಹತ್ತಲು ಎರಡು ಗಂಟೆಗಿಂತ ಜಾಸ್ತಿ.

ನಾನು ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. "13,000 ಅಡಿ ಆಯಿತು."

ಸೀನನಿಗೆ ಅಡಿ ಲೆಕ್ಕ ಹೇಳಬಾರದಿತ್ತು. "ನಮ್ಮ ಲೇಔಟಿನಲ್ಲಿ 1,300 ಅಡಿ ಕೊರೆಸಿದೆವು. ಬರೀ ಧೂಳು! ಇವರು ನೀರಿನ ಮೇಲೆ ನಿಂತು ನೆಲ ಹುಡುಕುತ್ತಾರಾ? ಅದನ್ನೂ ತೆಂಗಿನಕಾಯಿ ಹಿಡಿದೇ ನೋಡುತ್ತಾರಾ?"

"ಶಬ್ದ ಬಿಡುತ್ತಾರೆ," ಎಂದ ನಾಣಿ. "ಸಮುದ್ರದ ನೀರಿನಲ್ಲಿ ಅದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ತಳಕ್ಕೆ ಬಡಿದು ಐದು ಸೆಕೆಂಡು ದಾಟುವಷ್ಟರಲ್ಲಿ ವಾಪಸ್. ಬೀಸಣಿಗೆ ಥರ ಹರಡಿ ಬಿಟ್ಟರೆ ಕೆಳಗಿನ ಬೆಟ್ಟಗುಡ್ಡದ ನಕ್ಷೆಯೇ ಸಿಗುತ್ತದೆ."

"ನಮಗೆ ಪಾಯಿಂಟ್ ನೋಡಿದವನ ಕಾಯಿ ಎದ್ದು ನಿಂತಿತು. ನೀರು ಮಾತ್ರ ಏಳಲಿಲ್ಲ," ಎಂದ ಸೀನ. ಪಾಪ, ಆ ಕಾಯಿಯ ಚಟ್ನಿ ನಾನೂ ತಿಂದಿದ್ದೇನೆ.

ತಂತಿ ಇಳಿದಿರುವಾಗ ಹಡಗು ಅಲ್ಲಾಡಬಾರದು. ಅಷ್ಟು ಆಳದಲ್ಲಿ ಲಂಗರು ಹಾಕಿ ಕೂರುವ ಮಾತೇ ಇಲ್ಲ. ಉಪಗ್ರಹದಿಂದ ಜಾಗ ತಿಳಿದುಕೊಂಡು ಕಂಪ್ಯೂಟರೇ ಪ್ರೊಪೆಲ್ಲರುಗಳನ್ನು ತಿರುಗಿಸಿ ಹಡಗನ್ನು ಒಂದೇ ಕಡೆ ಹಿಡಿದಿಡುತ್ತದೆ.

"ನಮ್ಮ ಗೇಟಿನ ಮುಂದೆ ಕಾರು ಬಿಡುವವನೂ ಅದನ್ನೇ ಹಾಕಿಸಿರಬೇಕು. ಎಷ್ಟು ಹಾರ್ನ್ ಹೊಡೆದರೂ ಜಗ್ಗುವುದಿಲ್ಲ. ಅದಿರಲಿ, ಉಪ್ಪು ನೋಡಲು ಇಷ್ಟೆಲ್ಲ ಯಾಕೆ? ನಾಲಿಗೆ ಇಲ್ವಾ? ಬೆಂಗಳೂರಿಗೂ ಸಮುದ್ರಕ್ಕೂ ಏನು ಸಂಬಂಧ?"

"ನವೆಂಬರಿನಲ್ಲಿ ನಿಮ್ಮ ಬೇಸ್‌ಮೆಂಟಿಗೆ ನೀರು ನುಗ್ಗಿದಾಗ ಟಿವಿಯಲ್ಲಿ ಏನು ಹೇಳಿದರು?"

"ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ." ಸುಪ್ರಭಾತದಷ್ಟು ಬಾಯಿಪಾಠ.

"ಅದೇ! ಗಂಗೆ, ಬ್ರಹ್ಮಪುತ್ರದ ಸಿಹಿನೀರು ಆ ಕೊಲ್ಲಿಗೇ ಬಂದು ಬೀಳುತ್ತದೆ. ಹಗುರ, ಮೇಲೇ ತೇಲುತ್ತದೆ. ಕೆಳಗೆ ಉಪ್ಪು ನೀರು, ಭಾರ. ಮಹಡಿ ಮನೆಯವರಿಗೂ ಕೆಳಗಿನ ಮನೆಯವರಿಗೂ ಮಾತಿಲ್ಲ ಅನ್ನು. ಬೆರೆಯುವುದೇ ಕಷ್ಟ. ಬಿಸಿಲಿನ ಬಿಸಿ ಮೇಲೇ ಉಳಿದು ಮೋಡಕ್ಕೆ ಒಲೆ ಹಚ್ಚಿದಂತೆ ಆಗುತ್ತದೆ. 1999ರಲ್ಲಿ ಇದನ್ನು ನೋಡಲೆಂದೇ ಸಾಗರ ಕನ್ಯಾ ಹಡಗು ಹೋಗಿತ್ತು. 2016ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನವರು ಸಿಂಧು ಸಾಧನಾ ಹಡಗು ಹತ್ತಿದರು. ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಉಪ್ಪು ನೀರು ಶ್ರೀಲಂಕಾ ಸುತ್ತಿಕೊಂಡು ಬಂದು, ಕೊಲ್ಲಿಯೊಳಗೆ ಅಡಿಯಿಂದ ನುಸುಳುತ್ತದೆ. ಅದನ್ನೂ ಅಳೆದರು."

"ಕೆಳಗಿನ ಮನೆಗೆ ಮಂಗಳೂರಿನ ಕಡೆಯ ನೆಂಟರು," ಎಂದ ಸೀನ. ಇಷ್ಟು ಚೆನ್ನಾಗಿ ನನಗಂತೂ ಅರ್ಥವಾಗಿರಲಿಲ್ಲ.

ಆಗ ನಾಣಿ ಜೇಬಿನಿಂದ ಹೆಬ್ಬೆರಳಿನಷ್ಟು ದೊಡ್ಡ ಲೋಟವೊಂದನ್ನು ತೆಗೆದ. ಥರ್ಮೋಕೋಲಿನದು. ಹಡಗಿನವರ ಆಟವಂತೆ. ಮಾಮೂಲಿ ಲೋಟದ ಮೇಲೆ ಹೆಸರು ಬರೆದು, ಬಾಟಲಿಗಳ ಜೊತೆ ಕೆಳಗೆ ಬಿಡುತ್ತಾರೆ. 4,000 ಮೀಟರ್ ಕೆಳಗೆ ನಮ್ಮ ಗಾಳಿಯ ಸುಮಾರು 400 ಪಟ್ಟು ಒತ್ತಡ. ಒಳಗಿನ ಗಾಳಿಯೆಲ್ಲ ಹಿಂಡಿ ಹೋಗಿ ಇಷ್ಟೇ ಉಳಿಯುತ್ತದೆ.

ಸೀನ ಅದನ್ನು ತನ್ನ ಕಾಫಿ ಲೋಟದ ಪಕ್ಕದಲ್ಲಿ ಇಟ್ಟ. ಎರಡನ್ನೂ ಬಗ್ಗಿ ನೋಡಿದ. ಆಮೇಲೆ ಕೌಂಟರಿನ ಕಡೆ ತಿರುಗಿ ಕೂಗಿದ:

"ಸ್ವಾಮಿ, ಬೈಟೂ ಲೋಟಗಳನ್ನು ಎಷ್ಟು ಮೀಟರಿಗೆ ಇಳಿಸಿ ತಂದಿರಿ?"