‘ಅಂದಾಜು ತಾಪ’ ಎಂದರೆ ಸಾಕೇ? ಬ್ಯಾಟರಿ ಸೆಲ್ಲಿನ ತಾಪಕ್ಕೆ ಸಂಬಂಧಿಸಿದ ಕೆಲವು ಪದಗಳು

ಮಾನ್ಯರೆ,

ಉಡುಪಿಯಲ್ಲಿ ವಿದ್ಯುತ್ ಆಟೊ ರಿಕ್ಷಾಗಳ ದುರಸ್ತಿ ಮಾಡುವವರಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದರ ಭಾಷೆ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ‘ಎಸ್ಟಿಮೇಟೆಡ್ ಸೆಲ್ ಟೆಂಪರೇಚರ್’ ಎಂಬುದಕ್ಕೆ ಕರಡಿನಲ್ಲಿ ‘ಅಂದಾಜು ತಾಪ’ ಎಂದು ಹಾಕಿದ್ದಾರೆ. ‘ಸೆಲ್ಲಿನ ಅಂದಾಜು ತಾಪ 45 ಡಿಗ್ರಿ ಮೀರಿದರೆ ಚಾರ್ಜಿಂಗ್ ನಿಲ್ಲುತ್ತದೆ’ ಎಂಬ ವಾಕ್ಯವನ್ನು ಗ್ಯಾರೇಜಿನ ಯುವಕನೊಬ್ಬನಿಗೆ ಓದಲು ಕೊಟ್ಟೆ. ಆತ ಹೇಳಿದ್ದು ಹೀಗೆ: ‘ಅಂದಾಜು ಅಂದ್ರೆ ಸುಮಾರಿಗೆ ಅಲ್ವಾ ಸರ್? ಹಾಗಾದ್ರೆ ಒಂದೆರಡು ಡಿಗ್ರಿ ಜಾಸ್ತಿ ಆದ್ರೆ ಏನೂ ಆಗುವುದಿಲ್ಲ.’ ಅವನು ಓದಿಕೊಂಡದ್ದರಲ್ಲಿ ಕನ್ನಡದ ಮಟ್ಟಿಗೆ ತಪ್ಪೇನೂ ಇಲ್ಲ. ಆದರೆ ಯಂತ್ರದ ಮಟ್ಟಿಗೆ ಅರ್ಥ ಪೂರ್ತಿ ಬುಡಮೇಲಾಗಿದೆ. ಏಕೆಂದರೆ ಇಲ್ಲಿ ‘ಅಂದಾಜು’ ಎನಿಸಿಕೊಂಡ ಅಂಕಿಯೇ, ಸೆನ್ಸರ್ ಅಳೆದು ತೋರಿಸುವ ಅಂಕಿಗಿಂತ ನಿಜಕ್ಕೆ ಹತ್ತಿರವಾದದ್ದು.

ಪದದ ಆಯ್ಕೆಗೆ ಅಗತ್ಯವಿರುವಷ್ಟು ವಿಷಯವನ್ನು ಹೇಳುತ್ತೇನೆ. ಸೆಲ್ಲಿನ ಹೊರಮೈಗೆ ಅಂಟಿಸುವ ಥರ್ಮಿಸ್ಟರ್ ಎಂಬುದು ಬಿಸಿಯೇರಿದಂತೆ ವಿದ್ಯುತ್ ರೋಧ ಇಳಿಯುವ ಒಂದು ಸಣ್ಣ ಮಣಿ. ಅಂಟು, ಹೊದಿಕೆ ಮತ್ತು ಮಣಿ ಇವೆಲ್ಲವೂ ಬಿಸಿಯಾದ ಮೇಲಷ್ಟೇ ಅದು ಸರಿಯಾದ ಅಂಕಿಯನ್ನು ಮುಟ್ಟುತ್ತದೆ. ತಾಪ ಒಮ್ಮೆಲೇ ಏರಿದಾಗ ಆ ಏರಿಕೆಯ ಶೇಕಡಾ 63ರಷ್ಟನ್ನು ತೋರಿಸಲು ಸೆನ್ಸರಿಗೆ ಹಿಡಿಯುವ ಹೊತ್ತನ್ನು ಕಾಲಸ್ಥಿರಾಂಕ ಎನ್ನುತ್ತಾರೆ; ಶೇಕಡಾ 95 ಮುಟ್ಟಬೇಕಾದರೆ ಅದರ ಮೂರು ಪಟ್ಟು ಹೊತ್ತು ಬೇಕು. ಈ ಕಾಲಸ್ಥಿರಾಂಕ 20 ಸೆಕೆಂಡ್ ಎಂದಿಟ್ಟುಕೊಳ್ಳೋಣ. ಜನ ತುಂಬಿದ ರಿಕ್ಷಾ ಉಡುಪಿಯಿಂದ ಮಣಿಪಾಲದ ಏರನ್ನು ಹತ್ತುವಾಗ ಸೆಲ್ಲಿನ ಹೊರಮೈ ನಿಮಿಷಕ್ಕೆ 3 ಡಿಗ್ರಿಯಂತೆ ಬಿಸಿಯಾಗುತ್ತಿದ್ದರೆ, ಸೆನ್ಸರಿನ ಅಂಕಿ ಅಷ್ಟು ಹೊತ್ತೂ 1 ಡಿಗ್ರಿಯಷ್ಟು ಹಿಂದೆಯೇ ಇರುತ್ತದೆ. ಸೆಲ್ಲಿನ ಒಡಲು ಹೊರಮೈಗಿಂತಲೂ ಬಿಸಿ. ಅಲ್ಲಿಗೆ ಸೆನ್ಸರ್ ತಲುಪುವುದೇ ಇಲ್ಲ.

ಸೆಕೆಂಡಿಗೆ ಎಷ್ಟು ಡಿಗ್ರಿ ಏರುತ್ತಿದೆ ಎಂಬುದನ್ನು 20ರಿಂದ ಗುಣಿಸಿ ಓದಿದ ಅಂಕಿಗೆ ಕೂಡಿಸಿದರಾಯಿತಲ್ಲ ಎಂದು ಯಾರಿಗಾದರೂ ತೋರಬಹುದು. ತತ್ತ್ವದ ಮಟ್ಟಿಗೆ ಅದು ಸರಿ. ಆದರೆ ಸೆಕೆಂಡಿಗೊಮ್ಮೆ ಬರುವ ಅಂಕಿ ಸುಮ್ಮನೆ 0.1 ಡಿಗ್ರಿ ಅಲುಗಾಡಿದರೂ ಲೆಕ್ಕದಲ್ಲಿ ಅದು 2 ಡಿಗ್ರಿಯ ಜಿಗಿತವಾಗುತ್ತದೆ. ಆದ್ದರಿಂದ ಬ್ಯಾಟರಿಯ ನಿಯಂತ್ರಕವು ಇನ್ನೊಂದು ದಾರಿ ಹಿಡಿಯುತ್ತದೆ. ಹರಿಯುವ ಕರೆಂಟಿನ ವರ್ಗವನ್ನು ಸೆಲ್ಲಿನ ಒಳರೋಧದಿಂದ ಗುಣಿಸಿ ಎಷ್ಟು ಶಾಖ ಹುಟ್ಟುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಆ ಶಾಖದಿಂದ ಒಡಲಿನ ತಾಪ ಎಷ್ಟಾಗಿರಬೇಕು, ಹೊರಮೈಯದು ಎಷ್ಟು, ಹಾಗಿದ್ದಲ್ಲಿ ಈ ನಿಧಾನದ ಸೆನ್ಸರ್ ಈ ಗಳಿಗೆಯಲ್ಲಿ ಯಾವ ಅಂಕಿ ತೋರಿಸಬೇಕಿತ್ತು ಎಂಬುದನ್ನು ಸಾಲಾಗಿ ಕಂಡುಕೊಳ್ಳುತ್ತದೆ. ಆಮೇಲೆ ಸೆನ್ಸರ್ ನಿಜವಾಗಿ ತೋರಿಸಿದ ಅಂಕಿಯನ್ನು ಪಕ್ಕಕ್ಕಿಟ್ಟು, ವ್ಯತ್ಯಾಸ ಕಂಡಷ್ಟಕ್ಕೆ ತಕ್ಕಂತೆ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಎಂಜಿನಿಯರ್ ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ, ಅವರ ಹೆಸರಿನಿಂದಲೇ ಕರೆಯುವ ‘ಫಿಲ್ಟರ್’ ಎಂಬ ಲೆಕ್ಕದ ಕ್ರಮ ಮಾಡುವ ಕೆಲಸವೂ ಇದೇ ಬಗೆಯದು; ಲೆಕ್ಕವನ್ನು ಎಷ್ಟು ನಂಬಬೇಕು, ಅಳತೆಯನ್ನು ಎಷ್ಟು ನಂಬಬೇಕು ಎಂಬುದನ್ನು ಅದು ಹೆಜ್ಜೆಹೆಜ್ಜೆಗೂ ತೂಗಿ ನೋಡುತ್ತದೆ.

ಈಗ ಪದಕ್ಕೆ ಬರುತ್ತೇನೆ. ಪಾರಸಿಯಿಂದ ಬಂದ ‘ಅಂದಾಜು’ ನಮ್ಮಲ್ಲಿ ಎರಡು ಬಾಳು ಬಾಳುತ್ತಿದೆ. ಲೋಕೋಪಯೋಗಿ ಇಲಾಖೆಯ ‘ಅಂದಾಜು ಪಟ್ಟಿ’ಯಲ್ಲಿ ಕಲ್ಲು, ಮರಳು, ಕೂಲಿ ಎಲ್ಲವನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕಿರುತ್ತಾರೆ, ಅಲ್ಲಿ ಅಂದಾಜು ಎಂದರೆ ಗಣನೆಯೇ. ಆದರೆ ‘ಅಂದಾಜಿಗೆ ಹೇಳಿದ್ದು ಮಾರಾಯ್ರೆ’ ಎಂದು ಇಲ್ಲಿಯ ಯಾರಾದರೂ ಹೇಳಿದರೆ ಮಾತಿಗೆ ಹೊಣೆಯಿಲ್ಲ ಎಂದರ್ಥ. ಪದದ ಹತ್ತಿರ ಒಂದು ಸಂಖ್ಯೆ ಬಂದುಬಿಟ್ಟರಂತೂ ಎರಡನೆಯ ಅರ್ಥವೇ ಮುಂದೆ ಬರುತ್ತದೆ. ಕೈಪಿಡಿಯಲ್ಲಿ ಸಂಖ್ಯೆಯಿಲ್ಲದ ವಾಕ್ಯಗಳೇ ಅಪರೂಪ.

ಶಾಸ್ತ್ರದ ಪ್ರಕಾರ ಅತ್ಯಂತ ಸರಿಯಾದ ಪದ ‘ಅನುಮಾನ’. ಮಧ್ವಮತದಲ್ಲಿ ಪ್ರತ್ಯಕ್ಷ, ಅನುಮಾನ, ಆಗಮ ಎಂದು ಮೂರು ಪ್ರಮಾಣಗಳು, ಎಂದರೆ ಅರಿವಿನ ದಾರಿಗಳು, ಇರುವುದರಿಂದ ಉಡುಪಿಯ ರಥಬೀದಿಯ ವಿದ್ವಾಂಸರಿಗೆ ಈ ಮಾತು ಪರಿಚಿತ. ಕಾಣುವ ಹೊಗೆಯಿಂದ ಕಾಣದ ಬೆಂಕಿಯನ್ನು ತಿಳಿಯುವಂತೆ, ಕರೆಂಟಿನಿಂದ ಒಡಲಿನ ತಾಪವನ್ನು ತಿಳಿಯುವುದು ಅನುಮಾನವಲ್ಲದೆ ಬೇರೇನೂ ಅಲ್ಲ. (ಬ್ಯಾಟರಿಯ ವಿಷಯದಲ್ಲಿ ಹೊಗೆ ಕಂಡ ಮೇಲೆ ಅನುಮಾನ ಪ್ರಮಾಣದಿಂದ ಉಪಯೋಗವಿಲ್ಲ ಎಂಬುದು ಬೇರೆ ಮಾತು.) ಆದರೆ ‘ನಿಯಂತ್ರಕವು ಸೆಲ್ಲಿನ ತಾಪವನ್ನು ಅನುಮಾನಿಸುತ್ತದೆ’ ಎಂದು ಬರೆದರೆ, ಇಂದಿನ ಓದುಗನಿಗೆ ಅದು ತಾಪದ ಮೇಲೆ ಶಂಕೆ ಪಟ್ಟಂತೆ ಕೇಳಿಸುತ್ತದೆ.

‘ಆಕಲನ’ ಎಂಬ ಸಲಹೆಯೂ ಬಂದಿದೆ. ಹಿಂದಿಯಲ್ಲಿ ಅದು ನೆಲೆಯೂರಿದೆ, ಒಪ್ಪುತ್ತೇನೆ. ಆದರೆ ನಮ್ಮ ಗಣಿತದ ಪುಸ್ತಕಗಳಲ್ಲಿ ಈಗಾಗಲೇ ‘ಅವಕಲನ’ (ಡಿಫರೆನ್ಸಿಯೇಷನ್), ‘ಅನುಕಲನ’ (ಇಂಟಿಗ್ರೇಷನ್) ಇವೆ, ಮತ್ತು ಏರಿಕೆಯ ವೇಗದ ಮಾತು ಬಂದಲ್ಲಿ ಅದೇ ಪುಟದಲ್ಲಿ ‘ಅವಕಲನ’ ಬರಲೇಬೇಕು. ಮೂರನ್ನೂ ಒಂದೇ ಪುಟದಲ್ಲಿಟ್ಟರೆ ಅಕ್ಷರ ಜೋಡಿಸುವವರೇ ದಾರಿ ತಪ್ಪುತ್ತಾರೆ.

ನನ್ನ ಮನಸ್ಸಿಗೆ ಬಹಳ ಹಿಡಿಸಿದ, ಆದರೆ ಬಳಸಲು ಧೈರ್ಯವಾಗದ ಪದ ಪಂಚಾಂಗದ್ದು: ‘ದೃಗ್ಗಣಿತ’. ಗ್ರಹಗಳ ಸ್ಥಾನವನ್ನು ಗಣಿತದಿಂದ ಕಂಡುಕೊಂಡು, ಕಣ್ಣಿಗೆ ಕಂಡದ್ದರೊಂದಿಗೆ ತಾಳೆ ನೋಡಿ, ಅದಕ್ಕೆ ತಕ್ಕಂತೆ ಗಣಿತವನ್ನು ತಿದ್ದುವ ಪದ್ಧತಿಯಿದು. ಕೇರಳದ ಪರಮೇಶ್ವರ ಎಂಬ ಜ್ಯೋತಿರ್ವಿದ 1431ರಲ್ಲಿ ಇದನ್ನು ನಿರೂಪಿಸಿದ. ನಿಯಂತ್ರಕ ಮಾಡುವುದನ್ನು ಇಷ್ಟು ಚಿಕ್ಕದಾಗಿ ಹೇಳುವ ಮಾತು ನಮ್ಮಲ್ಲಿ ಇನ್ನೊಂದಿಲ್ಲ. ಆದರೂ ‘ದೃಗ್ಗಣಿತ ತಾಪ’ ಎಂದು ಬರೆದರೆ ಗ್ಯಾರೇಜಿನವರು ಚಾರ್ಜಿಂಗಿಗೆ ಮುಹೂರ್ತ ಕೇಳಿಯಾರು.

ಹೀಗಾಗಿ ನಾನು ‘ಲೆಕ್ಕಹಾಕಿದ ತಾಪ’ದ ಕಡೆಗೆ ವಾಲಿದ್ದೇನೆ. ಅದರ ಜೋಡಿಯಾಗಿ ‘ಅಳೆದ ತಾಪ’ ಎಂದಿಟ್ಟರೆ, ಎರಡರ ಸಂಬಂಧವನ್ನು ಬೇರೆ ವಿವರಿಸಬೇಕಾಗಿಲ್ಲ. ಟೆಂಪರೇಚರ್ ಎಂಬುದಕ್ಕೆ ಪತ್ರಿಕೆಗಳ ‘ಉಷ್ಣಾಂಶ’ವನ್ನು ಬಿಟ್ಟು ‘ತಾಪ’ವನ್ನೇ ಉಳಿಸಿಕೊಂಡಿದ್ದೇನೆ. ಹಲಸಿನ ಹಣ್ಣು ಉಷ್ಣ ಎನ್ನುವ ಊರಿನಲ್ಲಿ ಆ ಪದಕ್ಕೆ ಬೇರೆ ಕೆಲಸವಿದೆ.

ಇನ್ನೊಂದು ತೊಡಕು ‘ವಿಳಂಬ’ದ್ದು. ಕರಡಿನಲ್ಲಿ ‘ಡಿಲೇ’ ಮತ್ತು ‘ಲ್ಯಾಗ್’ ಎರಡಕ್ಕೂ ಅದನ್ನೇ ಬಳಸಿದ್ದಾರೆ. ಸೆನ್ಸರಿನ ಅಂಕಿ ತಂತಿಯ ಮೂಲಕ ನಿಯಂತ್ರಕಕ್ಕೆ ಸೆಕೆಂಡಿಗೊಮ್ಮೆ ಮಾತ್ರ ತಲುಪುವುದು ತಡ. ಅಲ್ಲಿ ಅಂಕಿ ಹಳೆಯದಾಗಿದ್ದರೂ ಹಾಗೇ ಬಂದು ಸೇರುತ್ತದೆ. ಸೆನ್ಸರ್ ಮೆಲ್ಲನೆ ಬಿಸಿಯಾಗುವುದು ತಡವಲ್ಲ, ಅದು ನಿಧಾನ. ಅದು ತಾಪದ ಏರಿಳಿತವನ್ನು ಮೊಂಡಾಗಿಸಿ ತೋರಿಸುತ್ತದೆ. ಮೊದಲನೆಯದಕ್ಕೆ ಮದ್ದು ಅಂಕಿಗಳನ್ನು ಬೇಗಬೇಗ ಕಳುಹಿಸುವುದು, ಎರಡನೆಯದಕ್ಕೆ ಮೇಲೆ ಹೇಳಿದ ಲೆಕ್ಕ. ‘ವಿಳಂಬ’ದಲ್ಲಿ ಎರಡೂ ಅರ್ಥಗಳಿವೆ: ರೈಲು ವಿಳಂಬವಾದರೆ ತಡ, ಸಂಗೀತದ ವಿಳಂಬ ಕಾಲವೆಂದರೆ ನಿಧಾನ. ಆದ್ದರಿಂದ ‘ತಡ’, ‘ನಿಧಾನ’ ಎಂಬ ಬಳಕೆಯ ಮಾತುಗಳನ್ನೇ ಪಾರಿಭಾಷಿಕವಾಗಿ ಬಳಸಿ, ‘ವಿಳಂಬ’ವನ್ನು ಪೂರ್ತಿ ಕೈಬಿಡಬೇಕೆಂದು ನನ್ನ ಅಭಿಪ್ರಾಯ.

ನನ್ನ ಪ್ರಶ್ನೆಗಳು ಎರಡು. ಕೋಷ್ಟಕದ ತಲೆಬರಹದಲ್ಲಿ ‘ಲೆಕ್ಕಹಾಕಿದ ತಾಪ’ಕ್ಕೆ ಜಾಗ ಸಾಲುವುದಿಲ್ಲ. ಅಲ್ಲಿ ‘ಲೆಕ್ಕದ ತಾಪ’ ಎಂದು ಮೊಟಕು ಮಾಡಿದರೆ, ಲೆಕ್ಕಕ್ಕೆ ಮಾತ್ರ ಇರುವ ತಾಪ ಎಂಬ ಅಪಾರ್ಥ ಘಟ್ಟದ ಮೇಲಿನ ಓದುಗರಿಗೆ ಆದೀತೇ? ಮತ್ತು ‘ನಿಧಾನ’ಕ್ಕೆ ಸೆಕೆಂಡುಗಳ ಅಳತೆ ಸೇರಿಸಿ ‘ಈ ಸೆನ್ಸರಿನ ನಿಧಾನ 20 ಸೆಕೆಂಡ್’ ಎಂದು ಬರೆದರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ, ಅಥವಾ ಅಲ್ಲಿ ‘ಕಾಲಸ್ಥಿರಾಂಕ’ವನ್ನೇ ಇಡಬೇಕೇ?